ಕಚ್ಚಿದ್ದು ಯಾರು? ಜೇಡದ ಮೇಲೆ ಹೊರಿಸಿದ ಆರೋಪಗಳ ಚರಿತ್ರೆ

ಇವತ್ತು ಮಾತಾಡ್ತಾ ಇರೋದು ರಾಜರ ಬಗ್ಗೆ ಅಲ್ಲ, ಯುದ್ಧದ ಬಗ್ಗೆಯೂ ಅಲ್ಲ. ಮನೆಯ ಮೂಲೆಯಲ್ಲಿ ಬಲೆ ಕಟ್ಟಿಕೊಂಡು ಕೂತಿರುವ ಜೇಡದ ಬಗ್ಗೆ. ಅದು ಕಚ್ಚಿದರೆ ಏನಾಗುತ್ತೆ, ಅದಕ್ಕೆ ಮದ್ದೇನು ಅನ್ನೋದನ್ನ ಮನುಷ್ಯರು ಹೇಗೆ ಕಂಡುಕೊಂಡರು ಅನ್ನೋ ಕಥೆ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಮಾತನ್ನ ಅಲ್ಲಲ್ಲಿ ತಿದ್ದಿ ಇಲ್ಲಿ ಬರಹದಲ್ಲಿ ಕೊಟ್ಟಿದ್ದೀನಿ.

ಊರು ಬಿಟ್ಟು ದೆಹಲಿ, ಮುಂಬೈ, ಪುಣೆ ಕಡೆ ಬದುಕ್ತಾ ಇರೋ ನಮ್ಮಲ್ಲಿ ಬಹಳ ಜನ ಒಂದು ಹಿಂದಿ ಮಾತು ಕೇಳಿರ್ತೀರಿ. ಮುಖದ ಮೇಲೋ ಕತ್ತಿನ ಮೇಲೋ ಬೆಳಗಾಗುವಷ್ಟರಲ್ಲಿ ಕೆಂಪು ಗುಳ್ಳೆ ಎದ್ದಿದ್ದರೆ, ಪಕ್ಕದ ಮನೆಯವರು ತಟ್ಟನೆ ‘ಮಕ್ಡೀ ಮೂತ್ ಗಯೀ’ ಅಂತಾರೆ. ಜೇಡ ಉಚ್ಚೆ ಹೊಯ್ದಿದೆ ಅಂತ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಆದರೆ ನಾವೇನು ಕಮ್ಮಿ? ಸೊಂಟದ ಒಂದು ಬದಿಯಲ್ಲಿ ಸಾಲಾಗಿ ಗುಳ್ಳೆ ಎದ್ದು ಉರಿದರೆ ಕನ್ನಡದಲ್ಲಿ ಅದನ್ನ ಸರ್ಪಸುತ್ತು ಅಂತೀವಿ, ಮರಾಠಿಯವರು ನಾಗೀಣ್ ಅಂತಾರೆ. ಅದು ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ಸು ನರದೊಳಗೆ ಅವಿತಿದ್ದು ಮತ್ತೆ ತಲೆ ಎತ್ತಿದ ರೋಗ. ಹಾವಿಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನು ಜೇಡದ ಉಚ್ಚೆ ಅನ್ನೋ ಗುಳ್ಳೆಗಳಲ್ಲಿ ಎಷ್ಟೋ ಇದೇ ಸರ್ಪಸುತ್ತು. ಇನ್ನೆಷ್ಟೋ, ಮಳೆಗಾಲದಲ್ಲಿ ದೀಪಕ್ಕೆ ಬರುವ ಪೆಡೆರಸ್ ಅನ್ನೋ ಸಣ್ಣ ದುಂಬಿಯನ್ನ ನಾವೇ ಮೈಮೇಲೆ ಉಜ್ಜಿ ಸಾಯಿಸಿದಾಗ ಅದರ ಮೈಯ ರಸ ತಾಗಿ ಎದ್ದ ಗುಳ್ಳೆ.

ಹಾಗಾದರೆ ಜೇಡಕ್ಕೆ ಈ ಅಪವಾದ ಯಾಕೆ ಬಂತು? ಇವತ್ತಿನ ನನ್ನ ಮಾತಿನ ತಿರುಳೇ ಅದು. ಜೇಡದ ಕಡಿತದ ವೈದ್ಯಚರಿತ್ರೆಯಲ್ಲಿ ಔಷಧಿ ಹುಡುಕೋದಕ್ಕಿಂತ ಕಷ್ಟವಾದ ಕೆಲಸ ಒಂದಿತ್ತು: ಕಚ್ಚಿದ್ದು ಯಾರು ಅಂತ ಸಾಬೀತು ಮಾಡೋದು. ಅದನ್ನ ಸರಿಯಾಗಿ ಮಾಡಿದ ಕಡೆ ಜೀವ ಉಳಿದಿದೆ. ಮಾಡದೆ ಇದ್ದ ಕಡೆ ನಿಜವಾದ ರೋಗ ಕೈತಪ್ಪಿದೆ.

ಹಳೆಯ ಕಾಲದಿಂದ ಶುರು ಮಾಡೋಣ. ನಮ್ಮ ಸುಶ್ರುತ ಸಂಹಿತೆಯಲ್ಲಿ ಕಲ್ಪಸ್ಥಾನ ಅಂತ ಒಂದು ಭಾಗವಿದೆ, ಪೂರ್ತಿ ವಿಷದ ಬಗ್ಗೆ. ಅದರ ಕೊನೆಯ ಅಧ್ಯಾಯದಲ್ಲಿ ‘ಲೂತಾ’ ಅಂದರೆ ಜೇಡದ ವಿಷಯ ಬರುತ್ತೆ. ಒಟ್ಟು 16 ಬಗೆ. ಅದರಲ್ಲಿ 8 ಕಷ್ಟಪಟ್ಟರೆ ವಾಸಿಯಾಗುವಂಥವು, 8 ವಾಸಿಯೇ ಆಗದವು ಅಂತ ವಿಂಗಡಣೆ. ಹುಟ್ಟಿನ ಕಥೆಯೂ ಇದೆ: ವಿಶ್ವಾಮಿತ್ರ ಹಸುವನ್ನ ಎಳೆದುಕೊಂಡು ಹೋದಾಗ ಕೋಪಗೊಂಡ ವಸಿಷ್ಠರ ಬೆವರ ಹನಿ ಕತ್ತರಿಸಿಟ್ಟ ಹುಲ್ಲಿನ ಮೇಲೆ ಬಿದ್ದು ಜೇಡ ಹುಟ್ಟಿತಂತೆ. ನಮಗೆ ಬೇಕಾದ ಮಾತು ಮುಂದಿನದು. ಜೇಡದ ವಿಷ ಹಲ್ಲಿನಲ್ಲಿ ಮಾತ್ರ ಅಲ್ಲ, ಎಂಜಲಿನಲ್ಲಿ, ಉಗುರಿನಲ್ಲಿ, ಮಲಮೂತ್ರದಲ್ಲೂ ಇರುತ್ತೆ ಅಂತ ಅಲ್ಲಿ ಹೇಳಿದೆ. ಅಂದರೆ ‘ಮಕ್ಡೀ ಮೂತ್ ಗಯೀ’ ಅನ್ನೋ ನೆರೆಮನೆಯ ಮಾತಿಗೂ ಒಂದು ಹಳೆಯ ವಂಶಾವಳಿ ಇದೆ.

ಸುಶ್ರುತದ ವೈದ್ಯರನ್ನ ಹಾಸ್ಯ ಮಾಡೋಕೆ ನಾನು ಇದನ್ನ ಹೇಳ್ತಾ ಇಲ್ಲ. ಚರ್ಮದ ಮೇಲೆ ಹಠಾತ್ತಾಗಿ ಬರುವ, ಕಾರಣ ಕಾಣದ ಹುಣ್ಣು ಗುಳ್ಳೆಗಳನ್ನ ಅವರು ಲಕ್ಷಣ ನೋಡಿ ಬೇರೆ ಬೇರೆ ಮಾಡಿ ಬರೆದಿಟ್ಟರು. ಅದು ದೊಡ್ಡ ಕೆಲಸ. ಆದರೆ ಆ ಗುಂಪಿಗೆಲ್ಲ ‘ಜೇಡ’ ಅನ್ನೋ ಒಂದೇ ಹೆಸರು ಅಂಟಿಕೊಂಡಿತು. ಕಾರಣ ಕಾಣದಿದ್ದಾಗ ಮೂಲೆಯಲ್ಲಿ ಕಾಣುವವರ ಮೇಲೆ ಕೈ ತೋರಿಸೋದು ಸುಲಭ, ಅಲ್ವಾ?

ಈಗ ಇಟಲಿಗೆ ಹೋಗೋಣ. ದಕ್ಷಿಣದಲ್ಲಿ ಪುಲಿಯಾ ಪ್ರಾಂತ್ಯ, ಅಲ್ಲಿ ತಾರಾಂತೋ ಅನ್ನೋ ಬಂದರು ಪಟ್ಟಣ. ಆ ಊರಿನ ಹೆಸರಿಂದಲೇ ‘ಟರಾಂಟುಲಾ’ ಅನ್ನೋ ಮಾತು ಹುಟ್ಟಿದ್ದು. ಅಲ್ಲಿ ಶತಮಾನಗಳ ಕಾಲ ಒಂದು ವಿಚಿತ್ರ ಕಾಯಿಲೆ ಇತ್ತು. ಸುಗ್ಗಿಯ ಹೊತ್ತಿಗೆ ಹೊಲದಲ್ಲಿ ಕೆಲಸ ಮಾಡುತ್ತಿದ್ದವರು, ಹೆಚ್ಚಾಗಿ ಹೆಂಗಸರು, ಜೇಡ ಕಚ್ಚಿತು ಅಂತ ಕುಸಿದು ಬೀಳೋರು. ಮೈ ನಡುಗೋದು, ಬೆವರೋದು, ಮನಸ್ಸು ಮಂಕಾಗೋದು. ಮದ್ದು ಸಂಗೀತ! ಪಿಟೀಲು, ತಮಟೆಯಂಥ ವಾದ್ಯ ಹಿಡಿದ ವಾದ್ಯದವರು ಮನೆಗೆ ಬಂದು ಬೇರೆ ಬೇರೆ ಧಾಟಿ ನುಡಿಸಿ ನೋಡೋರು. ಯಾವ ಧಾಟಿಗೆ ರೋಗಿ ಎದ್ದು ಕುಣಿಯುತ್ತಾಳೋ ಅದನ್ನ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನುಡಿಸೋದು. ಟರಾಂಟೆಲ್ಲಾ ಅನ್ನೋ ನೃತ್ಯದ ಹೆಸರಿಗೂ ಇದೇ ನಂಟು. 17ನೇ ಶತಮಾನದ ಕೊನೆಗೆ ಜಾರ್ಜಿಯೋ ಬಾಲ್ಯೀವಿಯಂಥ ಹೆಸರಾಂತ ವೈದ್ಯ ಇದರ ಮೇಲೆ ಪ್ರಬಂಧವನ್ನೇ ಬರೆದ.

ಆರೋಪಿ ಯಾರು? ತೋಳ ಜೇಡ. ಬಲೆ ಕಟ್ಟದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ದೊಡ್ಡ ಜೇಡ. ಕಣ್ಣಿಗೆ ಕಾಣುತ್ತೆ, ನೋಡಿದರೆ ಭಯ ಆಗುತ್ತೆ. ಆದರೆ ಅದರ ಕಡಿತಕ್ಕೆ ಒಂದಿಷ್ಟು ನೋವು, ಊತ ಬಿಟ್ಟರೆ ಹೆಚ್ಚೇನೂ ಆಗೋದಿಲ್ಲ. ಅದೇ ಹೊಲಗಳಲ್ಲಿ ಇನ್ನೊಂದು ಜೇಡ ಇತ್ತು: ಕಪ್ಪು ಮೈಯ ಮೇಲೆ ಕೆಂಪು ಚುಕ್ಕೆಗಳ, ಬಟಾಣಿ ಗಾತ್ರದ ಹೊಟ್ಟೆಯ, ಕಪ್ಪು ವಿಧವೆ ಜೇಡದ ಬಂಧು. ಬೆವರು, ಸ್ನಾಯು ಸೆಳೆತ, ಒಂದು ಕಡೆ ಕೂರಲಾಗದ ಚಡಪಡಿಕೆ ಇವೆಲ್ಲ ಅದರ ವಿಷದ ಲಕ್ಷಣ. ಹಾಗಾಗಿ ನಿಜವಾಗಿ ಕಚ್ಚಿಸಿಕೊಂಡ ಕೆಲವರಿಗೆ ಕಚ್ಚಿದ್ದು ಈ ಸಣ್ಣ ಜೇಡ ಇರಬೇಕು ಅಂತ ಈಗಿನ ಅನೇಕ ವಿದ್ವಾಂಸರ ಅಭಿಪ್ರಾಯ.

ಉಳಿದವರ ಕಥೆ ಏನು? 1959ರಲ್ಲಿ ಎರ್ನೆಸ್ಟೊ ದೆ ಮಾರ್ಟಿನೊ ಅನ್ನೋ ಮಾನವಶಾಸ್ತ್ರಜ್ಞ ಮನೋವೈದ್ಯರನ್ನೂ ಸಂಗೀತ ಬಲ್ಲವರನ್ನೂ ಕರೆದುಕೊಂಡು ಆ ಸೀಮೆಗೆ ಹೋದ. ಗಲಾತಿನಾ ಊರಿನ ಸಂತ ಪಾಲನ ಗುಡಿಗೆ ಪ್ರತಿ ವರ್ಷ ಜೂನ್ 29ರ ಹಬ್ಬಕ್ಕೆ ಈ ಕಚ್ಚಿಸಿಕೊಂಡವರು ಬರ್ತಾ ಇದ್ದರು. ಎಂದೋ ಒಮ್ಮೆ ಆದ ಕಡಿತ ಪ್ರತಿ ಬೇಸಿಗೆಯಲ್ಲೂ ಮರುಕಳಿಸೋದು! ಯಾವ ವಿಷವೂ ಹಾಗೆ ಕ್ಯಾಲೆಂಡರ್ ನೋಡಿಕೊಂಡು ಬರೋದಿಲ್ಲ. ಬಡತನ, ಇಷ್ಟವಿಲ್ಲದ ಮದುವೆ, ಬಾಯಿಬಿಟ್ಟು ಹೇಳಲಾಗದ ಸಂಕಟ, ಇವೆಲ್ಲ ಜೇಡದ ಹೆಸರಲ್ಲಿ ಹೊರಗೆ ಬರ್ತಾ ಇದ್ದವು ಅಂತ ಅವನು ಅರ್ಥ ಮಾಡಿಕೊಂಡ. ನಮ್ಮಲ್ಲಿ ಮೈಮೇಲೆ ಬರೋದನ್ನ ನೋಡಿದವರಿಗೆ ಇದು ಪೂರ್ತಿ ಹೊಸದೇನಲ್ಲ.

ಇದು ಸುಳ್ಳು ಆರೋಪದ ಕಥೆ ಆಯ್ತು. ಈಗ ಉಲ್ಟಾ ಕಥೆ ಕೇಳಿ. ಇಲ್ಲಿ ಜೇಡವೇ ತಪ್ಪಿತಸ್ಥ, ಆದರೆ ವೈದ್ಯರು ನಂಬೋದಿಲ್ಲ.

ಇಪ್ಪತ್ತನೇ ಶತಮಾನದ ಆರಂಭದ ಅಮೆರಿಕ. ಹಳ್ಳಿಗಳಲ್ಲಿ ಕಕ್ಕಸು ಮನೆಯಿಂದ ಹೊರಗೆ. ಅದರ ಹಲಗೆಯ ಕೆಳಗೆ ಕಪ್ಪು ವಿಧವೆ ಜೇಡ ಬಲೆ ಕಟ್ಟೋದು. ಕೂತವರಿಗೆ ಎಲ್ಲಿ ಕಚ್ಚುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಕಚ್ಚಿದ ಜಾಗದಲ್ಲಿ ಗಾಯ ಕಾಣೋದೇ ಕಷ್ಟ. ಆದರೆ ಸ್ವಲ್ಪ ಹೊತ್ತಲ್ಲೇ ಹೊಟ್ಟೆ ಹಲಗೆಯ ಹಾಗೆ ಬಿಗಿಯುತ್ತೆ, ಪ್ರಾಣ ಹೋಗುವಷ್ಟು ನೋವು. ವೈದ್ಯರು ನೋಡಿ, ಹೊಟ್ಟೆಯೊಳಗೆ ಕರುಳೋ ಅಪೆಂಡಿಕ್ಸೋ ಒಡೆದಿದೆ ಅಂದುಕೊಂಡು ಹೊಟ್ಟೆ ಕೊಯ್ದುಬಿಟ್ಟ ಉದಾಹರಣೆಗಳಿವೆ. ಒಳಗೆ ನೋಡಿದರೆ ಏನೂ ಇಲ್ಲ. ಇಷ್ಟು ಸಣ್ಣ ಜೇಡ ಇಷ್ಟು ಮಾಡುತ್ತಾ ಅನ್ನೋ ಅನುಮಾನ ಆಗಿನ ವಿಜ್ಞಾನಿಗಳಲ್ಲಿತ್ತು.

1922ರಲ್ಲಿ ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಡಬ್ಲ್ಯು. ಜೆ. ಬೇರ್ಗ್ ತನ್ನ ಬೆರಳಿಗೇ ಜೇಡ ಕಚ್ಚಿಸಿಕೊಂಡು ಆಸ್ಪತ್ರೆ ಸೇರಿದ. ಅನುಮಾನ ಹೋಗಲಿಲ್ಲ. 1933ರ ನವೆಂಬರ್‌ನಲ್ಲಿ ಅಲಬಾಮ ವಿಶ್ವವಿದ್ಯಾಲಯದ ವೈದ್ಯ ಅಲನ್ ಬ್ಲೇರ್ ಒಂದು ಹೆಣ್ಣು ಜೇಡವನ್ನ ಬೆರಳಿನ ಮೇಲಿಟ್ಟುಕೊಂಡು 10 ಸೆಕೆಂಡ್ ಕಚ್ಚಲು ಬಿಟ್ಟ. ನೋವು ಬೆರಳಿಂದ ತೋಳಿಗೆ, ಎದೆಗೆ, ಹೊಟ್ಟೆಗೆ ಹತ್ತಿದ್ದನ್ನ ಬರೆದುಕೊಳ್ತಾ ಹೋದ. ಕೈ ಬರೆಯಲಾಗದ ಸ್ಥಿತಿಗೆ ಬಂದಾಗ ಆಸ್ಪತ್ರೆಗೆ ಸಾಗಿಸಿದರು. ಆ ಸ್ಥಿತಿಯಲ್ಲೂ ನನ್ನ ಇಸಿಜಿ ತೆಗೆಯಿರಿ ಅಂತ ಹಠ ಹಿಡಿದನಂತೆ! ಇಷ್ಟು ತೀವ್ರ ನೋವನ್ನ ಬೇರೆ ಯಾವ ರೋಗದಲ್ಲೂ ಕಂಡಿಲ್ಲ ಅಂತ ಅಲ್ಲಿನ ವೈದ್ಯ ದಾಖಲಿಸಿದ. ಸುಧಾರಿಸಿಕೊಳ್ಳಲು ದಿನಗಳೇ ಬೇಕಾದವು. ಎರಡನೇ ಸಲ ಕಚ್ಚಿಸಿಕೊಂಡು ರೋಗನಿರೋಧಕ ಶಕ್ತಿ ಬರುತ್ತಾ ನೋಡಬೇಕು ಅನ್ನೋ ಯೋಜನೆಯಿತ್ತು. ಆದರೆ ಆ ಧೈರ್ಯ ಮಾಡಲಿಲ್ಲ. ಮಾಡದಿದ್ದರೂ ಸರಿ, ಒಂದೇ ಸಲಕ್ಕೆ ಸಾಕ್ಷಿ ಗಟ್ಟಿಯಾಗಿತ್ತು. ಕಚ್ಚಿದ್ದು ಯಾರು ಅನ್ನೋದಕ್ಕೆ ಇನ್ನು ಸಂಶಯ ಇರಲಿಲ್ಲ.

ಗುರುತು ಸರಿಯಾಗಿ ಸಿಕ್ಕರೆ ಏನು ಲಾಭ ಅನ್ನೋದಕ್ಕೆ ಆಸ್ಟ್ರೇಲಿಯಾದ ಸಿಡ್ನಿ ನೋಡಿ. ಅಲ್ಲಿ ಫನಲ್ ವೆಬ್ ಅನ್ನೋ ಜೇಡ ಇದೆ. ಆಲಿಕೆಯಾಕಾರದ ಬಿಲ, ಕರ್ರಗೆ ಹೊಳೆಯುವ ಮೈ. 1927ರಲ್ಲಿ ಒಂದು ಪುಟ್ಟ ಮಗು ಸತ್ತದ್ದು ಇದರ ಮೊದಲ ದಾಖಲಾದ ಸಾವು. ಅಲ್ಲಿಂದ 1980ರ ತನಕ ಒಟ್ಟು 13 ಸಾವು ಲೆಕ್ಕಕ್ಕೆ ಸಿಕ್ಕಿವೆ. ಸಂಖ್ಯೆ ಸಣ್ಣದು ಅನ್ನಿಸಬಹುದು, ಆದರೆ ಅದರಲ್ಲಿ ಮಕ್ಕಳು ಬಹಳ. ಬಾಯಿ ಜುಮ್ಮೆನ್ನುತ್ತೆ, ಜೊಲ್ಲು ಸುರಿಯುತ್ತೆ, ಸ್ನಾಯುಗಳು ಅದುರುತ್ತವೆ, ಶ್ವಾಸಕೋಶದಲ್ಲಿ ನೀರು ತುಂಬುತ್ತೆ.

ಮೆಲ್ಬರ್ನ್‌ನ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್‌ನಲ್ಲಿ ಸಾಲ್ ವೀನರ್ 1956ರಲ್ಲಿ ರೆಡ್‌ಬ್ಯಾಕ್ ಅನ್ನೋ ಇನ್ನೊಂದು ಜೇಡಕ್ಕೆ ಪ್ರತಿವಿಷ ಮಾಡಿದ್ದ. ಆದರೆ ಫನಲ್ ವೆಬ್ ಮಾತ್ರ ಬಗ್ಗಲಿಲ್ಲ. ಒಂದು ಕಷ್ಟ ಏನಂದರೆ, ಈ ವಿಷ ಮನುಷ್ಯರಿಗೆ, ಕೋತಿಗಳಿಗೆ ಮಾರಕ, ನಾಯಿ, ಬೆಕ್ಕು, ಮೊಲಕ್ಕೆ ಹೆಚ್ಚೇನೂ ಆಗಲ್ಲ. ಪ್ರಯೋಗದ ಪ್ರಾಣಿ ನೋಡಿ ತೀರ್ಮಾನಿಸಿದರೆ ಈ ಜೇಡ ನಿರಪರಾಧಿ! ಇನ್ನೊಂದು: ಸಾಮಾನ್ಯವಾಗಿ ಜೇಡಗಳಲ್ಲಿ ಹೆಣ್ಣು ಅಪಾಯಕಾರಿ. ಇಲ್ಲಿ ಬೇಸಿಗೆಯಲ್ಲಿ ಹೆಣ್ಣು ಹುಡುಕಿಕೊಂಡು ಮನೆಯೊಳಗೆ ನುಗ್ಗುವ ಗಂಡೇ ಕೊಲೆಗಾರ. ಇದನ್ನೆಲ್ಲ ಬಿಡಿಸುತ್ತಾ ವರ್ಷಗಟ್ಟಲೆ ಕೂತವನು ಸ್ಟ್ರುವನ್ ಸದರ್‌ಲ್ಯಾಂಡ್ ಅನ್ನೋ ವೈದ್ಯ. ಕೊನೆಗೆ, ವಿಷ ತಾಗದ ಅದೇ ಮೊಲಗಳಲ್ಲಿ ಪ್ರತಿವಿಷ ತಯಾರಿಸಿದ. 1981ರಲ್ಲಿ ಮೊದಲ ಸಲ ರೋಗಿಗೆ ಕೊಟ್ಟರು, ಬದುಕಿದ. ಆಮೇಲೆ ಸಿಡ್ನಿ ಫನಲ್ ವೆಬ್ ಕಚ್ಚಿ ಸತ್ತವರ ಒಂದೂ ಖಚಿತ ದಾಖಲೆ ಇಲ್ಲ.

ಈಗ ಮತ್ತೆ ನಮ್ಮ ತೋಳ ಜೇಡ. ಅದು ಇಟಲಿಯಲ್ಲಿ ಆರೋಪ ಹೊತ್ತಿತ್ತಲ್ಲ, ಬ್ರೆಜಿಲ್‌ನಲ್ಲಿ ಎರಡನೇ ಸಲ ಸಿಕ್ಕಿಬಿತ್ತು. ಅಲ್ಲಿ ಜನರಿಗೆ ಚರ್ಮ ಕಪ್ಪಾಗಿ ಕೊಳೆಯುವ ಗಾಯ ಆಗ್ತಾ ಇತ್ತು. 1920ರ ದಶಕದಲ್ಲಿ ವಿಜ್ಞಾನಿಗಳು ಇದು ತೋಳ ಜೇಡದ ಕೆಲಸ ಅಂದರು. ಸಾವೊ ಪೌಲೊದ ಬುಟಾಂಟಾನ್ ಸಂಸ್ಥೆ ತೋಳ ಜೇಡದ ವಿರುದ್ಧ ಪ್ರತಿವಿಷವನ್ನೇ ತಯಾರಿಸಿತು, ದಶಕಗಳ ಕಾಲ ಕೊಟ್ಟಿತು. ನಿಜವಾದ ಕಾರಣ ಲಾಕ್ಸೊಸೆಲಿಸ್ ಅನ್ನೋ ಕಂದು ಜೇಡ. ಚಿಲಿ ದೇಶದಲ್ಲಿ 1930ರ ದಶಕದಲ್ಲೇ ಅದು ಗೊತ್ತಾಗಿತ್ತು. ತಪ್ಪು ಯಾಕಾಯ್ತು ಅಂದರೆ, ಕಂದು ಜೇಡ ಕಚ್ಚಿದಾಗ ಹೆಚ್ಚು ನೋವಾಗಲ್ಲ, ಗಾಯ ಕೆಡೋದು ನಿಧಾನವಾಗಿ. ಅಷ್ಟು ಹೊತ್ತಿಗೆ ಅದು ಬಟ್ಟೆಯ ಮಡಿಕೆಯಲ್ಲೋ ಗೋಡೆಯ ಬಿರುಕಲ್ಲೋ ಮಾಯ. ಮನೆಯವರು ಹುಡುಕಿದಾಗ ಎದುರಿಗೆ ಸಿಗೋದು ದೊಡ್ಡ ತೋಳ ಜೇಡ! ಆಮೇಲೆ ವೈದ್ಯರು, ತೋಳ ಜೇಡ ಕಚ್ಚಿದ್ದು ಖಚಿತವಾದ 515 ಜನರನ್ನ ಲೆಕ್ಕ ಹಾಕಿ ನೋಡಿದರು. ಒಬ್ಬರಿಗೂ ಚರ್ಮ ಕೊಳೆತಿರಲಿಲ್ಲ. 1980ರ ದಶಕದಲ್ಲಿ ಆ ಪ್ರತಿವಿಷ ನಿಲ್ಲಿಸಿದರು.

ಈ ಲೆಕ್ಕ ಹಾಕುವ ಪದ್ಧತಿಯೇ ಮುಂದೆ ದಾರಿ ತೋರಿಸಿತು. ನಿಯಮ ಬಹಳ ಸರಳ: ಜೇಡ ಕಚ್ಚಿದ್ದನ್ನ ಕಣ್ಣಾರೆ ನೋಡಿರಬೇಕು, ಆ ಜೇಡ ಸಿಕ್ಕಿರಬೇಕು, ಬಲ್ಲವರು ಅದನ್ನ ಗುರುತಿಸಿರಬೇಕು. ಮೂರೂ ಇದ್ದರೆ ಮಾತ್ರ ಲೆಕ್ಕಕ್ಕೆ. ಆಸ್ಟ್ರೇಲಿಯಾದಲ್ಲಿ ಬಿಳಿ ಬಾಲದ ಜೇಡ ಮಾಂಸ ಕೊಳೆಸುತ್ತೆ ಅಂತ ಪತ್ರಿಕೆಗಳು ವರ್ಷಗಟ್ಟಲೆ ಬರೆದಿದ್ದವು. 2003ರಲ್ಲಿ ಈ ನಿಯಮದ ಪ್ರಕಾರ 130 ಖಚಿತ ಕಡಿತಗಳನ್ನ ನೋಡಿದರೆ, ಕೊಳೆತ ಹುಣ್ಣು ಸೊನ್ನೆ. ಅಮೆರಿಕದ ಕ್ಯಾನ್ಸಸ್‌ನ ಒಂದು ಹಳೇ ಮನೆಯಲ್ಲಂತೂ 6 ತಿಂಗಳಲ್ಲಿ 2,055 ಕಂದು ಜೇಡ ಹಿಡಿದರು. ಅದೇ ಮನೆಯಲ್ಲಿ 4 ಜನರ ಸಂಸಾರ ವಾಸವಿತ್ತು, ಯಾರಿಗೂ ಏನೂ ಆಗಿರಲಿಲ್ಲ. 2002ರಲ್ಲಿ ಇದನ್ನ ಪ್ರಕಟಿಸಿದ ರಿಚರ್ಡ್ ವೆಟರ್ ಕೇಳಿದ ಪ್ರಶ್ನೆ ಇದು: ಇಷ್ಟು ಜೇಡ ಇರುವ ಮನೆಯಲ್ಲೇ ಕಡಿತ ಇಲ್ಲ ಅಂದಮೇಲೆ, ಈ ಜೇಡವೇ ಇಲ್ಲದ ಪ್ರಾಂತ್ಯಗಳಲ್ಲಿ ವೈದ್ಯರು ಇಷ್ಟೊಂದು ಕಡಿತ ಹೇಗೆ ಪತ್ತೆ ಹಚ್ಚುತ್ತಾ ಇದ್ದಾರೆ?

ಪಾಪ, ಜೇಡದ ಮಾನ ಹೋದರೆ ನಮಗೇನು ಅಂತ ನೀವು ಕೇಳಬಹುದು. ನಷ್ಟ ಜೇಡಕ್ಕಲ್ಲ, ನಮಗೆ. 2001ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 7 ತಿಂಗಳ ಮಗುವಿನ ತೋಳಲ್ಲಿ ಊತ, ಕಪ್ಪು ಗಾಯ. ಕಂದು ಜೇಡದ ಕಡಿತ ಅಂತ ಮೊದಲು ಅಂದುಕೊಂಡರು. ಆಮೇಲೆ ಗೊತ್ತಾಯ್ತು, ಅದು ಆಂಥ್ರಾಕ್ಸ್. ಅಂಚೆಯಲ್ಲಿ ವಿಷಪುಡಿ ಕಳಿಸಿದ ಆ ದಿನಗಳು ನೆನಪಿರಬಹುದು. ಪುಣ್ಯಕ್ಕೆ ಮಗು ಉಳಿಯಿತು.

ನಮ್ಮ ದೇಶದಲ್ಲಿ ಜೇಡದ ಹೆಸರಿನ ಹಿಂದೆ ಅಡಗಬಹುದಾದದ್ದು ಆಂಥ್ರಾಕ್ಸ್‌ಗಿಂತ ಸಾಮಾನ್ಯವಾದ ಸಂಗತಿಗಳು. ಮೊದಲನೆಯದು ಕಟ್ಟುಹಾವು, ಕೆಲವು ಕಡೆ ಕಡಂಬಳ ಅಂತಾರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನ ಕಚ್ಚುತ್ತೆ. ನೋವಿಲ್ಲ, ಊತವಿಲ್ಲ, ಗುರುತು ಸೂಜಿಮೊನೆಯಷ್ಟು. ಏನೋ ಹುಳ, ಜೇಡ ಇರಬೇಕು ಅಂತ ಮಗ್ಗುಲು ಬದಲಿಸಿ ಮಲಗಿದರೆ ಬೆಳಗಿನ ಜಾವಕ್ಕೆ ಹೊಟ್ಟೆ ನೋವು, ರೆಪ್ಪೆ ಜೋಲು ಬೀಳುತ್ತೆ, ಉಸಿರು ನಿಲ್ಲುತ್ತೆ. ಎರಡನೆಯದು ಸ್ಕ್ರಬ್ ಟೈಫಸ್. ಪೊದೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಮೈಟ್ ಮರಿ ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ, ಜೊತೆಗೆ ಜ್ವರ. ಡಾಕ್ಸಿಸೈಕ್ಲಿನ್ ಅನ್ನೋ ಅಗ್ಗದ ಮಾತ್ರೆಗೆ ಬಗ್ಗುವ ರೋಗ, ಆದರೆ ತಡವಾದರೆ ಜೀವಕ್ಕೆ ಅಪಾಯ. ಮೂರನೆಯದು ಸಕ್ಕರೆ ಕಾಯಿಲೆ ಇರುವವರ ಕಾಲಲ್ಲಿ ಹರಡುವ ಬ್ಯಾಕ್ಟೀರಿಯಾ ಸೋಂಕು. ಈ ಮೂರನ್ನೂ ‘ಜೇಡ ಕಚ್ಚಿದೆ, ಅರಿಶಿನ ಹಚ್ಚು’ ಅಂತ ಕಾಲ ಕಳೆದರೆ ಏನಾಗುತ್ತೆ ಯೋಚಿಸಿ.

2012ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ವಿಷಜೇಡಗಳ ದಾಳಿ ಅಂತ ದೇಶವೆಲ್ಲ ಸುದ್ದಿಯಾಯ್ತು. ಇಬ್ಬರು ಸತ್ತರು ಅಂತ ಪತ್ರಿಕೆಗಳು ಬರೆದವು. ಅದೇ ವರದಿಗಳಲ್ಲಿ ಇನ್ನೊಂದು ಮಾತೂ ಇತ್ತು: ಅವರು ಮೊದಲು ಹೋಗಿದ್ದು ಊರಿನ ಮಂತ್ರವಾದಿಗಳ ಹತ್ತಿರ, ಅಲ್ಲಿ ವಿಷ ತೆಗೆಯೋಕೆ ಬ್ಲೇಡಿನಿಂದ ಗಾಯ ಕೊಯ್ದಿದ್ದರು. ಮರಣೋತ್ತರ ಪರೀಕ್ಷೆ ಆಗುವ ಮೊದಲೇ ದಹನ ಆಗಿತ್ತು. ಕೊಂದದ್ದು ಜೇಡವೋ ಬ್ಲೇಡೋ ಅಂತ ಹೇಳೋಕೆ ದಾರಿಯೇ ಉಳಿಯಲಿಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಇಷ್ಟೆಲ್ಲ ಚರಿತ್ರೆ ಕೈಗೆ ಕೊಡುವ ಬುದ್ಧಿ ಬಹಳ ಸರಳ. ಜೇಡ ಕಚ್ಚಿದ್ದನ್ನ ನೀವೇ ನೋಡಿದ್ದರೆ, ಆ ಜಾಗವನ್ನ ಸೋಪು ನೀರಿನಲ್ಲಿ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತೆ. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ನೋಡಿಕೊಳ್ಳಿ. ಜೇಡದ ಒಂದು ಫೋಟೋ ತೆಗೆಯಿರಿ, ಕೈಯಲ್ಲಿ ಹಿಡಿಯೋ ಸಾಹಸ ಬೇಡ. ನಮ್ಮ ದೇಶದ ಬಹುತೇಕ ಜೇಡಗಳ ಕಡಿತ ಇಷ್ಟಕ್ಕೇ ಮುಗಿಯುತ್ತೆ. ಕೊಯ್ಯೋದು, ಚೀಪೋದು, ಬಿಗಿಯಾಗಿ ದಾರ ಕಟ್ಟೋದು ಮಾತ್ರ ಬೇಡವೇ ಬೇಡ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ, ಈ ನಾಲ್ಕು ಹಾವುಗಳದ್ದು, ಜೇಡಕ್ಕೆ ಅದು ನಡೆಯೋದಿಲ್ಲ. ಹೊಟ್ಟೆ ಬಿಗಿತ, ವಿಪರೀತ ಬೆವರು, ಉಸಿರಾಟದ ತೊಂದರೆ, ಜೋಲುವ ರೆಪ್ಪೆ, ಜ್ವರ, ಕಪ್ಪಾಗುವ ಅಥವಾ ಹರಡುವ ಗಾಯ, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ. ಸಣ್ಣ ಮಗುವಾದರೆ ಲಕ್ಷಣಕ್ಕೆ ಕಾಯಬೇಡಿ.

ಇನ್ನು ಜೇಡವನ್ನ ನೋಡಿಯೇ ಇಲ್ಲದಿದ್ದರೆ, ದಯವಿಟ್ಟು ವೈದ್ಯರ ಹತ್ತಿರ ‘ಜೇಡ ಕಚ್ಚಿದೆ’ ಅನ್ನಬೇಡಿ. ‘ಗುಳ್ಳೆ ಎದ್ದಿದೆ, ಏನು ಅಂತ ನೋಡಿಲ್ಲ, ರಾತ್ರಿ ನೆಲದ ಮೇಲೆ ಮಲಗಿದ್ದೆ, ಮೊನ್ನೆ ಹೊಲಕ್ಕೆ ಹೋಗಿದ್ದೆ’ ಅಂತ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಬ್ಲೇರ್ ಮೈಮೇಲೆ ನೋವು ತಂದುಕೊಂಡು, ಬ್ರೆಜಿಲ್‌ನವರು 515 ಜನರನ್ನ ಎಣಿಸಿ ಕಲಿತದ್ದು ಇದನ್ನೇ: ನೋಡಿದ್ದು ಬೇರೆ, ಊಹಿಸಿದ್ದು ಬೇರೆ. ಅವೆರಡನ್ನ ಬೇರೆ ಇಟ್ಟರೆ ಸರಿಯಾದ ಮದ್ದು ಸರಿಯಾದ ಹೊತ್ತಿಗೆ ಸಿಗುತ್ತೆ.

ಮುಂದಿನ ಮಾತಿನಲ್ಲಿ ಸಿಗೋಣ. ಅಲ್ಲಿವರೆಗೆ ಮನೆಯ ಮೂಲೆಯ ಬಲೆಯನ್ನ ಗುಡಿಸಿ, ಬೇಡ ಅನ್ನಲ್ಲ. ಆದರೆ ಅಪವಾದ ಹೊರಿಸುವ ಮುಂಚೆ ಸಾಕ್ಷಿ ಕೇಳಿ.